ದಾದಾಸಾಹೇಬರು ಹಿಡಿಯದಿದ್ದ ವ್ರತ

ಹುಕ್ಕೇರಿಯ ಪೇಟೆಯಲ್ಲಿ ಪಾತ್ರೆಗಳ ಅಂಗಡಿ ಇಟ್ಟಿದ್ದ ದಾದಾಸಾಹೇಬ ಖೋತರು ನಕ್ಕರೆ ಅವರ ಹೆಗಲು ಮಾತ್ರ ನಗುತ್ತಿತ್ತು. ಎಡಗೈಯಲ್ಲಿ ಮಡಿಸಿದ ಬಿಳಿಯ ಕರವಸ್ತ್ರವನ್ನು ಹಿಡಿದು, ಮೂಗಿನ ಕೆಳಗಿನಿಂದ ಗದ್ದದವರೆಗೆ ಮುಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಹೆಗಲೆರಡನ್ನೂ ಕುಲುಕಿಸುತ್ತ ಅವರು ಸದ್ದಿಲ್ಲದೆ ನಕ್ಕು ಮುಗಿಸುವುದನ್ನು ಮೊದಲ ಸಲ ಕಂಡವರು, ಪಾಪ, ಕೆಮ್ಮು ಹತ್ತಿದೆಯೆಂದು ನೀರು ತರಲು ಏಳುತ್ತಿದ್ದರು. ಮಾತಾಡುವಾಗಲೂ ಅದೇ ವಸ್ತ್ರ, ಗಿರಾಕಿಯೊಡನೆ ಚೌಕಾಸಿಗೆ ನಿಂತಾಗಲೂ ಅದೇ ವಸ್ತ್ರ. ಬಲಗೈಯೊಂದರಿಂದಲೇ ಕೊಡ ಇಳಿಸಿ, ತಾಟು ಒರೆಸಿ, ತಕ್ಕಡಿ ಎತ್ತಿ ವ್ಯಾಪಾರ ಮಾಡುವುದು ಅವರಿಗೆ ರೂಢಿಯಾಗಿಹೋಗಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗೋಕಾಕದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು, ಹುಕ್ಕೇರಿಯಲ್ಲಿ ಅವರ ಮನೆಯ ಮಹಡಿಯ ಕೋಣೆಗಳಲ್ಲಿ ಬಾಡಿಗೆಗಿದ್ದು, ದಿನವೂ ಬಸ್ಸಿನಲ್ಲಿ ಘಟಪ್ರಭಾ ದಾಟಿ ಹೋಗಿಬರುತ್ತಿದ್ದೆ. ಕೆಳಗೆ ಮುಂದುಗಡೆ ಅಂಗಡಿ, ಹಿಂದುಗಡೆ ಅವರ ಸಂಸಾರ. ಬೇಸಿಗೆಯಲ್ಲೂ ಕಳಚದ ಕಂದು ಕೋಟು, ಅದರ ಜೇಬಿನಲ್ಲಿ ಇಸ್ತ್ರಿ ಮಾಡಿದ ಕರವಸ್ತ್ರಗಳ ಸರಬರಾಜು, ನಡುಬೀದಿ ಬಿಟ್ಟು ಗೋಡೆಯ ಮಗ್ಗುಲಿಗೇ ಸರಿದು ಹೋಗುವ ನಡಿಗೆ, ಇವಿಷ್ಟರಿಂದ ಅವರನ್ನು ಎಷ್ಟು ದೂರದಿಂದಲೂ ಗುರುತಿಸಬಹುದಿತ್ತು. ಅಂಗಡಿಯಲ್ಲಿ ಇನ್ನೊಂದು ವಿಚಿತ್ರವಿತ್ತು. ಉಳಿದ ವ್ಯಾಪಾರಿಗಳು ಪಾತ್ರೆಗಳ ಹೊಳಪನ್ನು ಬೀದಿಗೆ ತೋರಿಸಿದರೆ, ಇವರು ತಾಟುಗಳನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕೊಡಗಳಿಗೆ ಹಳೆಯ ಪತ್ರಿಕೆ ಸುತ್ತಿಡುತ್ತಿದ್ದರು. ಕೇಳಿದರೆ ಧೂಳಿನ ನೆಪ ಹೇಳುತ್ತಿದ್ದರು.

ಅವರು ವ್ರತಸ್ಥರೆಂಬ ಮಾತು ಹುಟ್ಟಿದ ಬಗೆ ಹೀಗೆ. ಅವರ ಜೈನ ಸಮಾಜದ ಹಿರಿಯರೊಬ್ಬರು ಉತ್ತರದ ಯಾತ್ರೆಗೆ ಹೋದಾಗ, ಆಡುವ ಮಾತಿನ ಬಿಸಿಯುಸಿರಿಗೆ ಗಾಳಿಯಲ್ಲಿನ ಸೂಕ್ಷ್ಮಜೀವಿಗಳು ಸಾಯಬಾರದೆಂದು ಬಾಯಿಗೆ ಬಿಳಿಯ ಪಟ್ಟಿ ಕಟ್ಟಿಕೊಳ್ಳುವ ಬೇರೊಂದು ಪಂಥದ ಜೈನ ಸಾಧುಗಳನ್ನು ಕಂಡುಬಂದಿದ್ದರು. ನಮ್ಮ ಕಡೆಯ ದಿಗಂಬರ ಗೃಹಸ್ಥರಲ್ಲಿ ಆ ಪದ್ಧತಿಯಿಲ್ಲ. ಇಲ್ಲದ್ದರಿಂದಲೇ ಅದಕ್ಕೆ ಬೆಲೆ ಬಂತು. ಯಾರೂ ಮಾಡದ್ದನ್ನು ನಮ್ಮ ಖೋತರು ಸದ್ದಿಲ್ಲದೆ ಮಾಡುತ್ತಿದ್ದಾರೆಂದು ಹಿರಿಯರು ಬಸದಿಯ ಜಗುಲಿಯಲ್ಲಿ ಹೇಳಿದ್ದೇ ತಡ, ಊರು ಅದನ್ನು ಎತ್ತಿಕೊಂಡಿತು. ಗಿರಾಕಿಗಳು ಚೌಕಾಸಿಯನ್ನು ಅರ್ಧಕ್ಕೇ ಬಿಟ್ಟು ಕೈಮುಗಿಯತೊಡಗಿದರು. ಧರ್ಮದ ಪ್ರದರ್ಶನವೆಂದರೆ ಮೊದಲಿನಿಂದಲೂ ಮುಖ ಸಿಂಡರಿಸುವ ನನಗೆ, ಇದೇನು ಈ ಮನುಷ್ಯ ಸೊಳ್ಳೆಬತ್ತಿ ಮಾತ್ರ ಉರಿಸುತ್ತಾನಲ್ಲ ಎಂದು ಒಳಗೊಳಗೇ ತಮಾಷೆಯೆನಿಸುತ್ತಿತ್ತು. ದಾದಾಸಾಹೇಬರು ಮಾತ್ರ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಮಗಳು ತ್ರಿಶಲಾಗೆ ಮೂಡಲಗಿಯ ಕಡೆಯಿಂದ ಸಂಬಂಧ ಬಂದದ್ದು ಈ ಕೀರ್ತಿಯ ಬೆನ್ನು ಹತ್ತಿಯೇ. ವರ ತೇಜಸ, ಓದಿದ ಹುಡುಗ, ತಂದೆಯಿಲ್ಲ; ತಾಯಿ ತಾರಾಬಾಯಿಯೇ ಹೊಲಮನೆಗಳನ್ನು ನಡೆಸಿಕೊಂಡು ಬಂದವರು. ಹೆಣ್ಣು ನೋಡಲು ಬಂದ ದಿನ ಅವರ ನಿಧಾನ ನಮ್ಮನ್ನೆಲ್ಲ ಬೆರಗುಗೊಳಿಸಿತು. ಅರೆ ಮುಚ್ಚಿದ ಕಣ್ಣು, ಕೇಳಿದ ಪ್ರಶ್ನೆಗೆ ಒಂದು ಗುಟುಕು ಚಹ ಕುಡಿಯುವಷ್ಟು ಹೊತ್ತು ಮೌನ, ಆಮೇಲೆ ತೂಗಿ ಇಟ್ಟಂಥ ಒಂದೇ ಮಾತು. ಮುಖ್ಯವಾದ ಮಾತನ್ನೂ ಹಾಗೆಯೇ ಹೇಳಿದರು.

"ಮಾತಿನಾಗೂ ಹಿಂಸಾ ಆಗಬಾರದು ಅನ್ನೂವಂಥಾ ಮನಿ ನಿಮ್ಮದು. ಮತ್ತೇನೂ ನೋಡೂದಿಲ್ರಿ ನಾವು."

"ಎಂಥಾ ಗಂಭೀರ ಹೆಂಗಸ್ರಿ!" ಎಂದು ದಾದಾಸಾಹೇಬರ ಹೆಂಡತಿ ಅಕ್ಕವ್ವ ಅವರು ಹೋದಮೇಲೆ ಮತ್ತೆ ಮತ್ತೆ ಉದ್ಗರಿಸಿದರು. ದಾದಾಸಾಹೇಬರು ಅಂದು ಸಂಜೆಯ ಊಟ ಮುಟ್ಟಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಕೆಲವು ವಾರಗಳ ಮೇಲೆ, ರಜೆಯ ಒಂದು ಮಧ್ಯಾಹ್ನ, ಕೆಳಗಿನ ಅಂಗಡಿಯಲ್ಲಿ ಪಾತ್ರೆಗಳು ರಾಶಿರಾಶಿಯಾಗಿ ಉರುಳಿದ ಸದ್ದಿಗೆ ಎದ್ದು ಓಡಿದೆ. ದಾದಾಸಾಹೇಬರು ತಾಟುಗಳ ನಡುವೆ ಬಿದ್ದಿದ್ದರು. ಕೈಕಾಲು ಸೆಟೆದು ಇಡೀ ದೇಹ ಅದುರುತ್ತಿತ್ತು. ಒಳಗಿನಿಂದ ಬಂದ ಅಕ್ಕವ್ವ ಮೊದಲು ಅಂಗಡಿಯ ಬಾಗಿಲು ಎಳೆದರು, ಆಮೇಲೆ ಗಂಡನ ಹತ್ತಿರ ಹೋದರು. ಪಕ್ಕಕ್ಕೆ ಹೊರಳಿಸಿ ತಲೆಯ ಕೆಳಗೆ ಮಡಿಸಿದ ಸೀರೆಯಿಟ್ಟು, "ಭಾಂಡಿ ಜಾರ್ಯಾವ್ರಿ, ಏನೂ ಆಗಿಲ್ಲ!" ಎಂದು ಹೊರಗಿನವರಿಗೆ ಕೂಗಿ ಹೇಳಿದರು. ಕರವಸ್ತ್ರ ಎಲ್ಲೋ ಬಿದ್ದಿತ್ತು. ಅಷ್ಟು ದಿನ ಅದರ ಹಿಂದೆ ಇದ್ದದ್ದನ್ನು ನಾನು ಆಗ ಕಂಡೆ: ಹಲ್ಲುಗಳ ಅರ್ಧದವರೆಗೂ ಬೆಳೆದು ಉಬ್ಬಿ ನಿಂತ ಕೆಂಪು ವಸಡು.

ಎಚ್ಚರವಾಗಿ ಸುಧಾರಿಸಿಕೊಂಡ ಮೇಲೆ ಅವರೇ ಹೇಳಿದರು. ಹರೆಯದಲ್ಲೇ ಮೂರ್ಛೆ ಬರತೊಡಗಿತ್ತು. ಬೆಳಗಾವಿಯ ಡಾಕ್ಟರರೊಬ್ಬರು ಬರೆದುಕೊಟ್ಟ ಗುಳಿಗೆಯಿಂದ ಅದು ಹಿಡಿತಕ್ಕೆ ಬಂತು. ಮತ್ತೆ ಡಾಕ್ಟರರ ಬಾಗಿಲಲ್ಲಿ ಯಾರಾದರೂ ಕಂಡಾರೆಂಬ ಅಂಜಿಕೆಯಿಂದ ಆ ಕಡೆ ತಲೆ ಹಾಕದೆ, ಹಳೆಯ ಚೀಟಿ ತೋರಿಸಿ ಗೋಕಾಕದ ಔಷಧಿ ಅಂಗಡಿಯಲ್ಲಿ ವರ್ಷಗಟ್ಟಲೆ ಅದೇ ಗುಳಿಗೆ ಕೊಂಡು ನುಂಗಿದರು. ವಸಡು ಬೆಳೆಯಿತು; ತಾಟಿನ ಹೊಳಪಿನಲ್ಲೂ ತಮ್ಮ ಮುಖ ಕಾಣುವುದು ಬೇಡವಾಯಿತು. ಈ ಗುಳಿಗೆ ಕೆಲವರಿಗೆ ಹೀಗೆ ಮಾಡುತ್ತದೆಂದು ಅಂಗಡಿಯವನೇ ಒಮ್ಮೆ ಹೇಳಿದ್ದ. ಈಗ ನಿಶ್ಚಿತಾರ್ಥ ಹತ್ತಿರ ಬಂದಿತ್ತು, ಬೀಗರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಬೇಕಿತ್ತು. ವಸ್ತ್ರ ಹಿಡಿದುಕೊಂಡು ಉಣ್ಣುವುದು ಹೇಗೆ? ಗುಳಿಗೆ ಬಿಟ್ಟರೆ ವಸಡು ಇಳಿದೀತೆಂದು ಯಾರನ್ನೂ ಕೇಳದೆ ಬಿಟ್ಟಿದ್ದರು.

"ಬೀಳೂದು ನಿಂತಿತು ಸರ್, ನಗೂದೂ ನಿಂತಿತು," ಎಂದರು. "ಮಂದಿ ವ್ರತ ಅಂದ್ರು. ಅಲ್ಲ ಅಂದ್ರ ಮತ್ತೇನು ಅಂತ ಹೇಳಬೇಕಿತ್ತು ನಾ?"

ನಾನು ಡಾಕ್ಟರರ ಹತ್ತಿರ ಹೋಗೋಣವೆಂದೆ. ಮಗಳ ಮದುವೆ ಮುಗಿಯಲಿ ಎಂದರು. ಮೂರ್ಛೆಯ ಮನೆತನವೆಂಬ ಮಾತು ಒಮ್ಮೆ ಮೂಡಲಗಿಗೆ ಹೋದರೆ ಈ ಸಂಬಂಧವಷ್ಟೇ ಅಲ್ಲ, ತ್ರಿಶಲಾಳಿಗೆ ಇನ್ನಾವ ಸಂಬಂಧವೂ ಬಾರದೆಂಬುದು ಅವರ ಅಂಜಿಕೆ. ಆ ಕಾಲದ ನಮ್ಮೂರುಗಳನ್ನು ಬಲ್ಲವನಾಗಿ ಅದನ್ನು ಅಲ್ಲಗಳೆಯುವ ಧೈರ್ಯ ನನಗಿರಲಿಲ್ಲ. ಗುಳಿಗೆ ಮತ್ತೆ ಶುರುವಾಯಿತು, ಗೋಕಾಕದಿಂದ ತರುವ ಕೆಲಸ ನನ್ನ ಪಾಲಿಗೆ ಬಂತು. ನಿಶ್ಚಿತಾರ್ಥದ ದಿನ ಎಲೆಯ ಮುಂದೆ ಕೂರಲು ಕರೆದಾಗ ದಾದಾಸಾಹೇಬರು ಇಂದು ನನ್ನದು ಉಪವಾಸ ಎಂದುಬಿಟ್ಟರು. ಮಗಳ ನಿಶ್ಚಿತಾರ್ಥದಂದೂ ಉಪವಾಸ ಬಿಡದ ಪುಣ್ಯಾತ್ಮನೆಂದು ಕೀರ್ತಿ ಇನ್ನೊಂದು ಮೊಳ ಬೆಳೆಯಿತು. ಜನ ಹೊರಿಸಿದ ವ್ರತದ ಬಗ್ಗೆ ಸುಮ್ಮನಿದ್ದ ಮನುಷ್ಯನ ಬಾಯಿಂದಲೇ ಬಂದ ಮೊದಲ ಸುಳ್ಳು ಅದು. ಅಲ್ಲಿಂದ ಅವರು ಸೊರಗುತ್ತ ಹೋದರು.

ಭಾದ್ರಪದದ ದಶಲಕ್ಷಣ ಪರ್ವ ಬಂತು. ಹತ್ತು ದಿನ ಹತ್ತು ಧರ್ಮಗಳ ಬಗ್ಗೆ ಬಸದಿಯಲ್ಲಿ ಪ್ರವಚನ. ಕೊನೆಯಲ್ಲಿ ಎಲ್ಲರೂ ಎಲ್ಲರ ಮನೆಗೂ ಹೋಗಿ ಕ್ಷಮೆ ಕೇಳುವ ಕ್ಷಮಾವಳಿ. ಆ ವರ್ಷ ಸಮಾಜದವರು ದಾದಾಸಾಹೇಬರಿಗೆ ಸನ್ಮಾನ ಮಾಡುವುದೆಂದು ನಿಶ್ಚಯಿಸಿದರು, ಅದಕ್ಕೆ ಆ ಹತ್ತು ಧರ್ಮಗಳಲ್ಲೊಂದಾದ ‘ಉತ್ತಮ ಸತ್ಯ’ದ ದಿನವನ್ನೇ ಗೊತ್ತುಪಡಿಸಿದರು. ಪುಣ್ಯಾತ್ಮರಿಗೆ ಬೇರೆ ದಿನವೇ ಸಿಗಲಿಲ್ಲವೇ ಎಂದು ನಾನು ಗೊಣಗಿದೆ. ಮೂಡಲಗಿಯ ಬೀಗರಿಗೂ ಆಮಂತ್ರಣ ಹೋಯಿತು.

"ಶಾಲು ಹೊದಿಸ್ಕೊಂಡು ಸುಮ್ನ ಬರ್ರಿ," ಎಂದು ಅಕ್ಕವ್ವ ಬೇಡಿಕೊಂಡರು. "ಮದವಿ ಆಗೂತನಕ ಬಾಯಿ ಬಿಡಬ್ಯಾಡ್ರಿ, ನಿಮ್ಮ ಕಾಲ ಬೀಳತೀನಿ."

ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ತ್ರಿಶಲಾ. "ನೀವು ಮುಚ್ಚಿಟ್ಟದ್ದನ್ನ ಆ ಮನ್ಯಾಗ ಜನ್ಮಪೂರ್ತಿ ಕಾಯಾಕ ನನಗ ಆಗೂದಿಲ್ಲವ್ವಾ."

ಸಭೆಯ ದಿನ ಅಧ್ಯಕ್ಷರು ಶಾಲು ಬಿಚ್ಚಿ ಹಿಡಿದು ಮುಂದೆ ಬಂದಾಗ, ದಾದಾಸಾಹೇಬರು ಕರವಸ್ತ್ರವನ್ನು ಬಾಯಿಂದ ತೆಗೆದು, ಮಡಿಸಿ, ಕೋಟಿನ ಜೇಬಿನಲ್ಲಿಟ್ಟುಕೊಂಡರು. ಮುಂದಿನ ಸಾಲಿನಲ್ಲಿದ್ದವರು ಸಣ್ಣಗೆ ಹೌಹಾರಿದ್ದು ನನಗೆ ಕೇಳಿಸಿತು.

"ಇದು ವ್ರತ ಅಲ್ರಿ," ಎಂದರು. "ನನಗ ಫಿಟ್ಸ್ ಬ್ಯಾನಿ ಐತಿ. ಗುಳಿಗಿ ನುಂಗತೀನಿ. ಆ ಗುಳಿಗಿಗಿ ವಸಡು ಹಿಂಗ ಬೆಳದಾವು. ನಾಚಿಕಿ ಬಂದು ಮುಚ್ಚಿಕೊಂಡೆ, ನೀವು ಅದನ್ನ ಧರ್ಮ ಅಂದ್ರಿ, ನಾ ಸುಮ್ನಿದ್ದೆ. ಮಗಳ ನಿಶ್ಚಿತಾರ್ಥದ ದಿನ ಉಪಾಸ ಅಂದದ್ದು ಸುಳ್ಳು. ಈ ಶಾಲು ನನಗ ಬ್ಯಾಡ್ರಿ."

ಅಧ್ಯಕ್ಷರು ಕೈಯಲ್ಲಿದ್ದ ಶಾಲನ್ನು ಏನು ಮಾಡಬೇಕೆಂದು ತಿಳಿಯದೆ ತಮ್ಮ ಹೆಗಲಿಗೇ ಹಾಕಿಕೊಂಡು ಕೂತುಬಿಟ್ಟರು. ತಾರಾಬಾಯಿ ಅದೇ ಅರೆಗಣ್ಣಿನಿಂದ ದಾದಾಸಾಹೇಬರನ್ನು ನೋಡಿದರು, ಎದ್ದರು, ಮಗನನ್ನು ಕರೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಅಕ್ಕವ್ವ ಮನೆಗೆ ಬಂದವರು ಒಲೆ ಹೊತ್ತಿಸಲಿಲ್ಲ.

ಮರುದಿನದಿಂದ ಅಂಗಡಿಯಲ್ಲಿ ನಾನು ಕಂಡದ್ದು ಯಾರೂ ಎಣಿಸದ ಸಂಗತಿ: ಚಮಚಗಳ ಮಾರಾಟ ವಿಪರೀತ ಏರಿತು. ಜನ ಒಬ್ಬೊಬ್ಬರಾಗಿ ಬರುತ್ತಿದ್ದರು, ಆಚೀಚೆ ನೋಡುತ್ತಿದ್ದರು, ಅತ್ಯಂತ ಅಗ್ಗದ ಒಂದು ಚಮಚ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡುತ್ತ, ದನಿ ತಗ್ಗಿಸಿ ಮೂರ್ಛೆಯ ಗುಳಿಗೆಯ ಬಗ್ಗೆ ಕೇಳುತ್ತಿದ್ದರು. ಹತ್ತರಗಿಯ ರೈತ ಉದ್ದಪ್ಪನಿಗೆ ಗುಳಿಗೆ ನುಂಗಿದರೆ ಕೈ ನಡುಗಿ ಚಹದ ಕಪ್ಪು-ಬಸಿ ನಿಲ್ಲುತ್ತಿರಲಿಲ್ಲ. ಕುಡುಕನೆಂದು ಹೆಸರು ಬಂದಿತ್ತು. ಧುಪದಾಳದ ಫಕೀರವ್ವನ ಮಗಳು ಶಾಲೆಯಲ್ಲಿ ತೂಕಡಿಸುತ್ತಿದ್ದಳು. ಮಾಸ್ತರರು ಅವಳನ್ನು ಸೋಮಾರಿಗಳ ಸಾಲಿಗೆ ಸೇರಿಸಿದ್ದರು. ಒಂದೇ ಬಗೆಯ ಬೇನೆ, ಅದರ ಗುಳಿಗೆಗಳಿಂದ ಒಬ್ಬನಿಗೆ ಕುಡುಕನ ಪಟ್ಟ, ಒಬ್ಬಳಿಗೆ ಸೋಮಾರಿಯ ಪಟ್ಟ, ದಾದಾಸಾಹೇಬರಿಗೆ ಮಾತ್ರ ಪುಣ್ಯಾತ್ಮನ ಪಟ್ಟ. ಹಂಚುವಾಗ ಊರಿಗೆ ಅಷ್ಟೇನೂ ಲೆಕ್ಕಾಚಾರ ಇರುವುದಿಲ್ಲ.

"ನಾ ಡಾಕ್ಟರ್ ಅಲ್ರಿ," ಎಂದು ದಾದಾಸಾಹೇಬರು ಎಲ್ಲರಿಗೂ ಹೇಳುತ್ತಿದ್ದರು. "ಒಂದ ಮಾತು ಹೇಳತೀನಿ. ನಾ ಬಿಟ್ಟು ಬಿದ್ದೇನಿ, ನೀವು ಬಿಡಬ್ಯಾಡ್ರಿ. ಡಾಕ್ಟರ್ ಕಡೆ ಹೋಗಿ, ಗುಳಿಗಿ ಹಿಂಗ ಮಾಡಾಕತ್ತೈತಿ ಅಂತ ಬಾಯಿ ಬಿಟ್ಟು ಹೇಳ್ರಿ."

"ಮಂದಿಗಿ ಹೇಳತೀರಿ. ನೀವು ಯಾವಾಗ ಹೋಗಾವ್ರು?" ಎಂದು ಒಳಗಿನಿಂದ ಅಕ್ಕವ್ವನ ದನಿ ಬರುತ್ತಿತ್ತು.

ಕ್ಷಮಾವಳಿಯ ದಿನ ತಾರಾಬಾಯಿ ಒಬ್ಬರೇ ಬಂದರು. ಸಂಬಂಧ ಮುರಿದುಕೊಂಡು ಹೋಗಲು, ಅದಕ್ಕೂ ಮುಂಚೆ ಪದ್ಧತಿಯಂತೆ ಕ್ಷಮೆ ಕೇಳಲು ಬಂದಿದ್ದಾರೆಂದು ಅಕ್ಕವ್ವ ಬಾಗಿಲ ಮರೆಯಲ್ಲಿ ಸೆರಗು ಕಚ್ಚಿ ನಿಂತರು. ಕೂರಲು ಹೇಳಿದರೂ ತಾರಾಬಾಯಿ ಕೂರಲಿಲ್ಲ. "ಉತ್ತಮ ಕ್ಷಮಾ ರಿ, ಬೀಗರ," ಎಂದು ಕೈಮುಗಿದರು. ಆಮೇಲೆ ಬೀದಿಯ ಕಡೆ ಒಮ್ಮೆ ನೋಡಿ, ಡಬ್ಬಿಯಿಂದ ಒಂದು ಚಮಚ ಎತ್ತಿಕೊಂಡು ತಿರುಗಿಸತೊಡಗಿದರು.

ಚಮಚವನ್ನು ಹಾಗೆ ತಿರುಗಿಸುವವರನ್ನು ನಾನು ಆ ದಿನಗಳಲ್ಲಿ ನೋಡುತ್ತಲೇ ಇದ್ದೆ.

"ನೀವು ನುಂಗೂ ಗುಳಿಗಿಗಿ," ಎಂದು ಆ ತಾಯಿ, ತಮ್ಮ ಎಂದಿನ ಮೌನದ ನಂತರ, ಕೇಳಿದರು, "ನಿದ್ದಿ ಬಾಳ ಬರತೈತೇನ್ರಿ?"

ದಾದಾಸಾಹೇಬರು ಅವರ ಹತ್ತಿರಕ್ಕೆ ಒಂದು ಹೆಜ್ಜೆ ಬಂದರು.

"ನಾ ನುಂಗೂ ಗುಳಿಗಿಗಿ ಬಾಳ ಬರತೈತ್ರಿ," ಎಂದು ತಾರಾಬಾಯಿ ಮುಂದುವರಿಸಿದರು. " ಮಾತು ನಾಲಿಗಿಗಿ ಬರೂದ ತಡಾ ಆಗತೈತಿ. ಮಂದಿ ಗಂಭೀರ ಅಂತಾರ. ನಾನೂ ಸುಮ್ನಿದ್ದೆ. ನಿಮಗ ಗೊತ್ತಾದ್ರ ಹುಡುಗೀನ ಕೊಡೂದಿಲ್ಲ ಅಂತ ಅಂಜಿದ್ದೆ."

ಆಗ ದಾದಾಸಾಹೇಬರು ನಕ್ಕರು. ಎಡಗೈ ರೂಢಿಯಂತೆ ಮೇಲೇಳಲು ಹೋಗಿ ಅರ್ಧದಲ್ಲೇ ನಿಂತಿತು. ನಗು ಅದರ ಮೇಲಿಂದ ಹಾದು ಹೊರಗೆ ಬಂತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಮನುಷ್ಯನ ನಗೆಯ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೇನು ಸಣ್ಣ ನಗೆಯಲ್ಲ, ಎದುರಿನ ಕಿರಾಣಿ ಅಂಗಡಿಯವನು ಎದ್ದು ಬಂದು ನೋಡುವಂಥ ನಗೆ. ಅಕ್ಕವ್ವ ಹೊರಗೆ ಬಂದು ಬೀಗಿತ್ತಿಯನ್ನು ಅಪ್ಪಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು, ಅದನ್ನೇಕೆ ಮುಚ್ಚಿಡಲಿ.

ಇಬ್ಬರು ಬೀಗರೂ ಒಂದೇ ಬಸ್ಸಿನಲ್ಲಿ ಬೆಳಗಾವಿಗೆ ಹೋದರು. ಇಷ್ಟು ವರ್ಷ ಏಕೆ ಬರಲಿಲ್ಲವೆಂದು ಡಾಕ್ಟರರು ಇಬ್ಬರಿಗೂ ಚೆನ್ನಾಗಿ ಬೈದರಂತೆ. ದಾದಾಸಾಹೇಬರ ಹಳೆಯ ಗುಳಿಗೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತ ಬೇರೆಯದನ್ನು ಏರಿಸಿದರು. ಬೆಳೆದ ವಸಡನ್ನು ಹಲ್ಲಿನ ಡಾಕ್ಟರರು ಕತ್ತರಿಸಿ ಸರಿಪಡಿಸಿದರು. ಹೊಸ ಗುಳಿಗೆಯಿಂದ ಮೊದಮೊದಲು ತಲೆ ತಿರುಗುತ್ತಿತ್ತು, ಅದನ್ನವರು ಮುಚ್ಚಿಡದೆ ಹೋಗಿ ಹೇಳಿದರು. ತಾರಾಬಾಯಿಯವರ ಗುಳಿಗೆಯೂ ಬದಲಾಗಿ ಕಣ್ಣು ಪೂರ್ತಿ ತೆರೆಯಿತು. ವೈಶಾಖದ ಮದುವೆಯ ಹೊತ್ತಿಗೆ ಅವರ ಗಾಂಭೀರ್ಯ ಎಲ್ಲಿ ಹೋಯಿತೋ, ಚಪ್ಪರದ ಈ ತುದಿಯಿಂದ ಆ ತುದಿಯವರೆಗೆ ಅವರದೇ ದನಿ. "ಇಷ್ಟ ಮಾತಾಡತಾರಂತ ಗೊತ್ತಿದ್ರ ಗುಳಿಗಿ ಬದಲ ಮಾಡಸಾಕ ಬಿಡ್ತಿರ್ಲಿಲ್ಲ ನಾ," ಎಂದು ಅಕ್ಕವ್ವ ನನ್ನ ಕಿವಿಯಲ್ಲಿ ಅಂದರು. ದಾದಾಸಾಹೇಬರು ಬೀಗರ ಪಂಕ್ತಿಯ ನಡುವೆ ಕೂತು ಎರಡನೆಯ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ಅಂಗಡಿಯ ತಾಟುಗಳು ಅಷ್ಟರಲ್ಲಾಗಲೇ ಬೀದಿಗೆ ಮುಖ ಮಾಡಿ ನಿಂತಿದ್ದವು.

ಇಲ್ಲದ ದೋಷವನ್ನು ಹೊರಿಸಿದಾಗ ಸಿಡಿದೇಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹಾಗೆ ಸಿಡಿದೇಳಲು ದೊಡ್ಡತನವೇನೂ ಬೇಕಿಲ್ಲ. ಇಲ್ಲದ ಗುಣವನ್ನು ಜನ ಪ್ರೀತಿಯಿಂದ ಹೊದಿಸಲು ಬಂದಾಗ, ಅದರ ಬಿಸುಪಿನಲ್ಲಿ ಮಗಳ ಬಾಳಿನ ಸುಖವೂ ಸೇರಿರುವಾಗ, ಇದು ನನ್ನದಲ್ಲವೆಂದು ತೆಗೆದಿಡುವವರು ಅಪರೂಪ. ಅಂಥವರು ತಮ್ಮನ್ನು ಧರ್ಮಾತ್ಮರೆಂದುಕೊಳ್ಳುವುದಿಲ್ಲ, ಧೀರರೆಂದಂತೂ ಇಲ್ಲವೇ ಇಲ್ಲ. ಅಂಜುತ್ತಲೇ, ಬೆವರುತ್ತಲೇ, ಇನ್ನು ತಡೆಯಲಾಗದೆಂಬ ಒಂದೇ ಕಾರಣಕ್ಕೆ ನಿಜ ಹೇಳಿಬಿಡುತ್ತಾರೆ. ಅವರು ಹೇಳುವುದು ತಮ್ಮೊಬ್ಬರ ನಿಜವನ್ನೇ. ಅಷ್ಟಕ್ಕೇ, ಆಚೆ ಊರಿನಲ್ಲಿ ಅರೆಗಣ್ಣಿನಲ್ಲಿ ಕೂತ ಒಬ್ಬ ತಾಯಿ ಎದ್ದು ಬಸ್ಸು ಹತ್ತುತ್ತಾಳೆ.