ಆರನೇ ಹಾಸಿಗೆ

ಮೂರು ದ್ವೀಪದೇಶಗಳು ಸೇರಿ ಮಾಡಿಕೊಂಡ ಒಪ್ಪಂದ ಅದು. ಮೂರನ್ನೂ ಕೂಡಿಸಿದರೆ ಬ್ರಿಸ್ಬೇನ್‌ನಲ್ಲಿ ನಾನಿರುವ ಬಡಾವಣೆ ಫಾರೆಸ್ಟ್ ಲೇಕ್‌ನಷ್ಟು ಜನ ಇಲ್ಲ. ಒಂದಕ್ಕೆ ಹಡಗಿತ್ತು, ಇನ್ನೊಂದಕ್ಕೆ ವಿಮಾನ ಇಳಿಯುವಷ್ಟು ನೆಲವಿತ್ತು, ಮೂರನೆಯದಕ್ಕೆ ಏನೂ ಇರಲಿಲ್ಲ. ಇರುವುದನ್ನು ಹಂಚಿಕೊಂಡು ಬದುಕೋಣ ಎಂದು ಕೈಜೋಡಿಸಿದ್ದರು. ಹೃದಯದ ಶಸ್ತ್ರಚಿಕಿತ್ಸೆ ಮೂರರಲ್ಲೂ ಆಗುತ್ತಿರಲಿಲ್ಲ. ಅದಕ್ಕೆ ಬ್ರಿಸ್ಬೇನ್‌ನ ಒಂದು ಆಸ್ಪತ್ರೆ ವರ್ಷಕ್ಕೆ ಆರು ಹಾಸಿಗೆ ಬಿಟ್ಟುಕೊಟ್ಟಿತ್ತು. ಯಾರಿಗೆ ಎಂದು ತೀರ್ಮಾನಿಸುವ ಸಭೆ ಪ್ರತಿ ಮಾರ್ಚ್‌ನಲ್ಲಿ, ನದಿಯ ದಡದ ಬಾಡಿಗೆ ಕಚೇರಿಯಲ್ಲಿ. 2014ರಲ್ಲಿ ನಾನು ಅದರ ಕಾರ್ಯದರ್ಶಿ.

ಆ ಸಭೆಯಲ್ಲಿ ಯಾರೂ ಯಾರಿಗೂ ಇಲ್ಲ ಎನ್ನುವುದಿಲ್ಲ. ಪಕ್ಕದ ದ್ವೀಪದ ರೋಗಿಯನ್ನು ಎದುರಿಗೇ ಬೇಡವೆಂದರೆ ಆ ಅವಮಾನ ಎರಡು ತಲೆಮಾರು ಉಳಿಯುತ್ತದೆ. ಎಷ್ಟು ಹೆಸರು ಬಂದರೂ ಅಷ್ಟಕ್ಕೂ ತಲೆಯಾಡಿಸಿ, ಪ್ರಾರ್ಥನೆ ಮಾಡಿ ಮೇಲೇಳುತ್ತಾರೆ. ಹೆಚ್ಚಾದ ಹೆಸರನ್ನು ಹೊಡೆದುಹಾಕುವುದು ಕಾರ್ಯದರ್ಶಿಯ ಕೆಲಸ. ಮನೆಯವರಿಗೆ ಫೋನ್ ಮಾಡುವುದೂ ಅವಳೇ. ಅದಕ್ಕೆ ಯಾವ ದ್ವೀಪಕ್ಕೂ ಸೇರದವರು ಬೇಕು.

ಆ ವರ್ಷ ಏಳು ಹೆಸರು ಬಂದವು. ವೈದ್ಯರು ಕೊಟ್ಟ ಅಂಕಗಳಲ್ಲಿ ಕೊನೆಯವನು ಹಡಗಿರುವ ದೇಶದ ಮಂತ್ರಿಯ ಅಣ್ಣ. ಎಪ್ಪತ್ತೊಂದು ವರ್ಷ. ಶಸ್ತ್ರಚಿಕಿತ್ಸೆ ಮಾಡಿದರೂ ಹೆಚ್ಚು ದಿನವಿಲ್ಲ ಎಂದು ಬರೆದಿದ್ದರು. ಏನೂ ಇಲ್ಲದ ದ್ವೀಪದಿಂದ ಒಂದೇ ಹೆಸರು: ಪೆನಿ, ಶಾಲಾ ಮೇಷ್ಟ್ರು, ಮೂವತ್ತೊಂದು ವರ್ಷ. ಹೃದಯದ ಕವಾಟ ಬದಲಿಸಿದರೆ ಬದುಕುತ್ತಾನೆ. ಇಲ್ಲದಿದ್ದರೆ ಕ್ರಿಸ್‌ಮಸ್ ಕಾಣುವುದಿಲ್ಲ. ನಾನು ಮಂತ್ರಿಯ ಅಣ್ಣನ ಹೆಸರಿಗೆ ಗೆರೆ ಎಳೆದೆ.

ಟೀ ಹೊತ್ತಿಗೆ ಪೆನಿಯ ದೇಶದ ಪ್ರತಿನಿಧಿ ಟೊಮಾಸಿ ನನ್ನ ಟೇಬಲ್ಲಿನ ಬಳಿ ಬಂದ. ಅರ್ಧ ಗಂಟೆ ಹಿಂದೆ ಪೆನಿಯ ಬಗ್ಗೆ ಮಾತಾಡುತ್ತ ಕಣ್ಣೊರೆಸಿಕೊಂಡಿದ್ದವನು.

“ಪೆನಿಯನ್ನು ತೆಗೆದುಬಿಡಿ,” ಎಂದ.

“ನಿಮ್ಮವನೇ ಅಲ್ಲವೇ?”

“ನನ್ನ ಹೆಂಡತಿಯ ಚಿಕ್ಕಪ್ಪನ ಮಗ. ಆದರೆ ನಮಗೆ ತಿಂಗಳಿಗೊಮ್ಮೆ ಅಕ್ಕಿ, ಡೀಸೆಲ್ ತರುವುದು ಅವರ ಹಡಗು. ಮಂತ್ರಿಗೆ ಬೇಜಾರಾದರೆ ಅದರ ಎಂಜಿನ್ ಕೆಡುತ್ತದೆ. ಹೋದ ಸಲ ಹನ್ನೊಂದು ವಾರ ಕೆಟ್ಟಿತ್ತು.” ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಂಡ. “ನಾನು ಹೇಳಿದೆ ಅಂತ ಎಲ್ಲೂ ಬರಬಾರದು.”

ಉಮಾಕಾಂತ್ ಸರ್ ಕೋಣೆಗೆ ಹೋದೆ. ಮೈಸೂರಿನವರು, ಇಲ್ಲಿನ ವಿಶ್ವವಿದ್ಯಾಲಯದ ಸೇಂಟ್ ಲೂಸಿಯಾ ಕ್ಯಾಂಪಸ್ಸಿನಲ್ಲಿ ನನಗೆ ಪಾಠ ಹೇಳಿದವರು, ನಿವೃತ್ತಿಯ ನಂತರ ಈ ಕಚೇರಿಯ ಮುಖ್ಯಸ್ಥರು.

“ಸರ್, ಅಂಕ ಬೇರೆ ಹೇಳತ್ತೆ.”

“ಅಂಕ ನಾನೂ ನೋಡ್ದೆ ಕಣಮ್ಮ. ಈ ಮೂರು ದೇಶ ಒಂದು ಟೇಬಲ್‌ಗೆ ಬರೋಕೆ ಆರು ವರ್ಷ ಹಿಡೀತು. ಒಬ್ಬ ಮೇಷ್ಟ್ರಿಗೋಸ್ಕರ ಮುರ್ಕೊಳ್ಳೋಕಾಗತ್ತಾ?”

“ಬರೆಯೋದು ನಾನು. ಫೋನ್ ಮಾಡೋದೂ ನಾನು.”

“ಮತ್ತೆ ನಿನ್ನ ಯಾಕೆ ತಗೊಂಡ್ವಿ ಅಂದ್ಕೊಂಡಿದೀಯ?”

“ಡಿಸ್ಟಿಂಕ್ಷನ್ ಬಂದಿತ್ತಲ್ಲ ಸರ್.”

“ಅದು ಬೇಕಾದಷ್ಟು ಜನಕ್ಕೆ ಬರತ್ತೆ. ನಿಸರ್ಗನ ವೈಕುಂಠ ಸಮಾರಾಧನೆ ಆದ ಮಾರನೇ ದಿನವೇ ಬಂದು ಥೀಸಿಸ್ ಕೊಟ್ಟು, ‘ಸ್ಪೈರಲ್ ಬೈಂಡಿಂಗ್ ಸಾಕಾ ಸರ್’ ಅಂದ್ಯಲ್ಲ. ಗಂಡನ್ನ ಕಳ್ಕೊಂಡು ಎರಡು ವಾರ ಆಗಿಲ್ಲ. ಅವತ್ತೇ ಅಂದ್ಕೊಂಡೆ, ಇಂಥ ಕೆಲಸ ಈ ಹುಡುಗಿ ಕೈಲಾಗತ್ತೆ ಅಂತ.”

ಹೊಗಳಿಕೆಯೆಂದೇ ಹೇಳಿದರು. ನನಗೂ ತಪ್ಪೆನಿಸಲಿಲ್ಲ.

ಹೊಸ ಹಾಳೆ ತೆಗೆದು ಬೇರೆ ಹೆಸರಿಗೆ ಗೆರೆ ಎಳೆದೆ. ಕಾರಣ ಎಂಬಲ್ಲಿ ‘ಚಿಕಿತ್ಸೆಗೆ ಸೂಕ್ತವಲ್ಲ’ ಎಂದು ಬರೆದೆ. ಸಂಜೆ ಮೂರೂ ದೇಶಗಳ ಪ್ರತಿನಿಧಿಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪೆನಿಯ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅವನ ಹೆಂಡತಿ ಸೇನಿ. ಇಪ್ಪತ್ತಾರು ವರ್ಷ ಎಂದು ಫೈಲಿನಲ್ಲಿತ್ತು.

“ಅಲ್ಲಿ ಚಳಿಯಂತಲ್ಲ, ಪಾದ್ರಿಯವರ ಸ್ವೆಟರ್ ಕೇಳಿ ತಂದಿದ್ದೇನೆ. ಅವನಿಗೆ ದೊಡ್ಡದಾಗುತ್ತದೆ, ಪರವಾಗಿಲ್ಲ. ಯಾವತ್ತು ಹೊರಡಬೇಕು?”

“ಹೊರಡುವ ಹಾಗಿಲ್ಲ. ಹಾಸಿಗೆ ಸಿಗಲಿಲ್ಲ.”

“ಮುಂದಿನ ವರ್ಷವಾ?”

ನಿಸರ್ಗನ ಡಾಕ್ಟರು ನಾಲ್ಕು ತಿಂಗಳು ನನಗೆ ‘ನೋಡೋಣ’ ಎನ್ನುತ್ತಿದ್ದರು. ಆ ನಾಲ್ಕು ತಿಂಗಳಲ್ಲಿ ನಾನು ಮನೆಗೆ ಹೊಸ ಪರದೆ ಹೊಲಿಸಿದೆ, ಅವನಿಗೆ ಶೂ ಕೊಂಡೆ.

“ಮುಂದಿನ ವರ್ಷಕ್ಕೆ ಅವರು ಇರುವುದಿಲ್ಲ,” ಎಂದೆ.

ಆ ಕಡೆ ಕೋಳಿ ಕೂಗುತ್ತಿತ್ತು. ಯಾರೋ ಅದನ್ನು ಓಡಿಸಿದರು.

“ಟೊಮಾಸಿ ಅಣ್ಣ ನಿನ್ನೆ ಫೋನ್ ಮಾಡಿದ್ದರು. ಎಲ್ಲರೂ ಒಪ್ಪಿದ್ದಾರೆ, ಪ್ರಾರ್ಥನೆಯೂ ಆಯಿತು ಅಂದರು. ಮತ್ತೆ ಬೇಡ ಅಂದವರು ಯಾರು?”

ಟೊಮಾಸಿಯ ಹೆಸರು ಹೇಳಬಹುದಿತ್ತು. ಅವಳು ಅದೇ ಊರಿನಲ್ಲಿ, ಅದೇ ಅಕ್ಕಿ ತಿಂದುಕೊಂಡು ಇರಬೇಕಾದವಳು.

“ನಾನು.”

“ನಿಮ್ಮ ಹೆಸರು?”

“ಮಾಲವಿಕಾ.”

“ನಮ್ಮಲ್ಲಿ ಅಂಥ ಹೆಸರಿಲ್ಲ. ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇನೆ.”

ಒಂದೊಂದೇ ಅಕ್ಷರವಾಗಿ ಹೇಳಿದೆ. ಪ್ರತಿಯೊಂದನ್ನೂ ಅವಳು ತಿರುಗಿ ಹೇಳಿ, ಸರಿಯಾ ಎಂದು ಕೇಳುತ್ತಿದ್ದಳು. ಸರಿ, ಎಂದೆ.