ಮಾತಿಗೆ ಬೇರೆ ಫ್ರೇಮು

ಮೊಸಳೆಯ ಬಾಲ ಕರಗಿತು, ಈಗ ಹೊಟ್ಟೆ, ಇನ್ನು ಆ ದೊಡ್ಡ ಬಾಯಿಯೊಂದು ಉಳಿದಿದೆ, ಬಾಯಿಯ ಮುಂದೆ ಒಂದು ಮೈಕು — ಅಚ್ಚಿನವನು ಫ್ರೇಮನ್ನು ಬಚ್ಚಲ ಗೋಡೆಗೆ ಒರಗಿಸಿ ನೀರು ಬಿಡುತ್ತಿದ್ದಾನೆ, ಜಾಲರಿಗೆ ಅಂಟಿದ್ದ ಹಸಿರು ಲೇಪ ಸಡಿಲವಾಗಿ ಇಳಿದು ಬರುತ್ತಿದೆ, ಲೇಪ ಹೋದರೆ ಚಿತ್ರವೂ ಹೋಯಿತು, ಲೇಪವಿಲ್ಲದ ಕಡೆ ಇಂಕು ಇಳಿದು ಅಂಗಿಯ ಮೇಲೆ ಚಿತ್ರವಾಗುವುದು ತಾನೇ, ಅಷ್ಟೂ ಕಡೆ ಲೇಪವಿಲ್ಲದಿದ್ದರೆ ಬರೀ ಬಟ್ಟೆ, ಬರೀ ಬಿಸಿಲು, ಏನೂ ಇಲ್ಲ. ನೋಡ್ಬೇಡಿ ದೊಡ್ಡಕ್ಕ, ಒಳಗೆ ಹೋಗಿ ಕೂತ್ಕೊಳ್ಳಿ, ಎನ್ನುತ್ತಾನೆ ತಿರುಗದೆ, ಒಳಗೆ ಎಲ್ಲಿಗೆ ಹೋಗಲಿ, ಇರುವುದು ಒಂದು ಕೋಣೆ, ಒಂದು ಬಚ್ಚಲು, ಕೋಣೆಯ ತುಂಬ ಉದ್ದನೆಯ ಮೇಜು, ಮೇಲೆ ಅಂಗಿ ಒಣಹಾಕುವ ಹಗ್ಗ, ಇವತ್ತು ಸಂಜೆಗೆ ಮಾಲೀಕನಿಗೆ ಬೀಗದ ಕೈ ಕೊಡಬೇಕು, ನಾಳೆಯಿಂದ ಇವನು ದೊಡ್ಡ ಕಾರ್ಖಾನೆಗೆ ಸೇರುತ್ತಾನೆ, ಅಲ್ಲಿ ಟೀ ಶರ್ಟಿನ ಎದೆಯ ಮೇಲೆ ಕಂಪನಿಯ ಗುರುತು ಅಚ್ಚು ಹಾಕಬೇಕಂತೆ, ನಗೋದೇನೂ ಇರಲ್ಲ ಬಿಡಿ ಅಲ್ಲಿ, ಎಂದ. ಫ್ರೇಮುಗಳನ್ನು ಅವನಿಗೇ ಕೊಟ್ಟಿದ್ದೇನೆ, ತೊಳೆದು ಕೊಂಡುಹೋಗಲಿ, ನಾನು ಇಟ್ಟುಕೊಂಡು ಏನು ಮಾಡಲಿ. ಮೊಸಳೆಯ ಬಾಯಿಯೂ ಹೋಯಿತು. ಆ ಮೊಸಳೆಯ ಕೆಳಗೆ ಇದ್ದ ಮಾತು ನನ್ನದು, ಸರ್ಕಾರವು ತೀವ್ರ ಸಂತಾಪ ವ್ಯಕ್ತಪಡಿಸುತ್ತದೆ, ಆ ಮಾತನ್ನು ಕಚೇರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ, ಒಂದು ಸಲವೂ ಅಳು ಬಂದಿರಲಿಲ್ಲ, ತಂಗಿ ಹೋದ ದಿನ ನನ್ನ ಹಳೆಯ ಇಲಾಖೆಯವರು ಹೂವು ತಂದು ನಿಂತು ಅದೇ ಮಾತು ಆಡಿದರು, ತೀವ್ರ ಸಂತಾಪ ಮೇಡಂ, ನನಗೆ ಒಳಗಿನಿಂದ ನಗು ಒದ್ದುಕೊಂಡು ಬಂತು, ಸೆರಗನ್ನು ಬಾಯಿಗೆ ತುರುಕಿಕೊಂಡೆ, ಪಾಪ ಎಷ್ಟು ಅಳ್ತಿದ್ದಾರೆ ನೋಡಿ ಎಂದರು ಯಾರೋ, ಪಕ್ಕದಲ್ಲಿ ಅವಳಿದ್ದಿದ್ದರೆ ನನ್ನ ಪಕ್ಕೆಗೆ ತಿವಿಯುತ್ತಿದ್ದಳು, ಅಕ್ಕಾ ಮೊಸಳೆ ಬಂತು, ಎನ್ನುತ್ತಿದ್ದಳು.

ಚಿತ್ರಕ್ಕೊಂದು ದೊಡ್ಡ ಫ್ರೇಮು, ಮಾತಿಗೊಂದು ಚಿಕ್ಕ ಫ್ರೇಮು, ಬೇರೆ ಯಾವ ಅಚ್ಚಿನ ಮನೆಯಲ್ಲೂ ಹೀಗಿಲ್ಲವಂತೆ, ಎರಡನ್ನೂ ಒಂದರಲ್ಲೇ ಮುಗಿಸುತ್ತಾರೆ, ಇಲ್ಲಿ ಮಾತ್ರ ಹೀಗೆ, ಏಕೆಂದರೆ ಚಿತ್ರ ಅವಳದು, ಮಾತು ನನ್ನದು, ಅವಳದು ಗಾಳಿಯಂಥ ಕೈ, ನನ್ನದು ಹೆಜ್ಜೆ ಎಣಿಸಿ ಇಡುವ ಬುದ್ಧಿ, ಚಿತ್ರ ಮುಗಿದರೂ ಮಾತು ಬಂದಿರುತ್ತಿರಲಿಲ್ಲ. ಅಕ್ಕನ ಮಾತು ಬರೋವರೆಗೆ ಚಿತ್ರ ಯಾಕೆ ಕಾಯ್ಬೇಕು, ಮಾತಿಗೆ ಬೇರೆ ಫ್ರೇಮು ಮಾಡು ಮಾರಾಯ, ಎಂದಳಂತೆ ಅಚ್ಚಿನವನಿಗೆ. ಮೊದಲು ನನಗೆ ಗೊತ್ತೇ ಇರಲಿಲ್ಲ ನಾನು ಮಾತು ಕೊಡುತ್ತಿದ್ದೇನೆಂದು, ದೂರು ವಿಭಾಗದಲ್ಲಿ ಜನರ ಅರ್ಜಿಗೆ ಉತ್ತರ ಬರೆಯುವುದು ನನ್ನ ಕೆಲಸ, ಆ ಭಾಷೆ ನಾಲಿಗೆಗೂ ಅಂಟಿತ್ತು, ಒಂದು ದಿನ ಅವಳು ಅಡುಗೆಮನೆಗೆ ಬಂದು ಹೊಟ್ಟೆ ಹಸಿವು ಅಕ್ಕಾ ಎಂದಳು, ನಾನು ಒಲೆಯ ಕಡೆ ನೋಡುತ್ತ ವಿಷಯ ಪರಿಶೀಲನೆಯಲ್ಲಿದೆ ಎಂದೆ, ತಮಾಷೆಗಲ್ಲ, ಬಾಯಿಗೆ ಹಾಗೇ ಬಂತು, ಅವಳು ಬಾಗಿಲು ಹಿಡಿದುಕೊಂಡು ಕುಸಿದಳು, ಹೊಟ್ಟೆ ಹಿಡಿದು ನಕ್ಕಳು, ಊಟವನ್ನೂ ಮರೆತು ಓಡಿಹೋಗಿ ಬರೆದದ್ದು ಬಸವನಹುಳು, ಕನ್ನಡಕ ಹಾಕಿದ ಬಸವನಹುಳು ಕಡತಗಳ ಗುಡ್ಡ ಹತ್ತುತ್ತಿದೆ, ಕೆಳಗೆ ಅದೇ ಮಾತು, ನನ್ನಿಂದಲೇ ಬರೆಸಿದ ಗುಂಡು ಅಕ್ಷರ. ಆ ಅಂಗಿ ಊರೆಲ್ಲ ಓಡಾಡಿತು, ಬಸ್ಸಿನಲ್ಲಿ ಕಂಡಿತು, ಹಾಲಿನ ಅಂಗಡಿಯಲ್ಲಿ ಕಂಡಿತು, ಕೊನೆಗೆ ಉದ್ಯಾನದಲ್ಲಿ ನನ್ನ ಮೇಲಧಿಕಾರಿಯ ಹೊಟ್ಟೆಯ ಮೇಲೆಯೇ ಕಂಡಿತು, ಬೆಳಗಿನ ನಡಿಗೆಗೆ ಹಾಕಿಕೊಂಡು ಬಂದಿದ್ದರು, ನೋಡಮ್ಮ, ಯಾರೋ ಪುಣ್ಯಾತ್ಮರು ನಮ್ಮ ಇಲಾಖೆ ಬಗ್ಗೆ ಒಳ್ಳೇ ಪ್ರಚಾರ ಮಾಡಿದ್ದಾರೆ, ಎಂದರು, ಹೌದು ಸರ್ ಎಂದೆ, ಅದರ ಮೇಲಿನ ಅಕ್ಷರ ಯಾರದೆಂದು ದಿನವೂ ಅದೇ ಅಕ್ಷರದ ಕೆಳಗೆ ಸಹಿ ಹಾಕುವ ಆ ಮನುಷ್ಯನಿಗೆ ತಿಳಿಯಲಿಲ್ಲ, ಮನೆಗೆ ಬಂದು ಹೇಳಿದರೆ ಇವಳು ನೆಲದ ಮೇಲೆ ಉರುಳಾಡಿದಳು. ಅವಳ ನಗು ಎಂದರೆ ಅದೇ, ಹೊಟ್ಟೆ ಹಿಡಿದುಕೊಳ್ಳಬೇಕು, ಕಣ್ಣಲ್ಲಿ ನೀರು ಬರಬೇಕು, ಆಗ ಮಾತ್ರ ಅಚ್ಚು, ಸುಮ್ಮನೆ ತುಟಿ ಅಗಲಿಸಿದರೆ ತಾನೇ ಬೇಡವೆನ್ನುತ್ತಿದ್ದಳು, ಇದು ನಗು ಅಲ್ಲಕ್ಕಾ, ಮರ್ಯಾದೆ, ಇನ್ನೊಂದು ಕೊಡು. ಹೊಂಡದ ಸುತ್ತ ರಿಬ್ಬನ್ನು ಕಟ್ಟಿ ಮಂತ್ರಿ ಕತ್ತರಿ ಹಿಡಿದ ಚಿತ್ರಕ್ಕೆ ಕಾಮಗಾರಿ ಪೂರ್ಣಗೊಂಡಿದೆ ಎಂಬ ಮಾತು, ಇನ್ನೊಂದು ಅಂಗಿಗೆ ಎದೆಯ ಮೇಲೆ ನನ್ನ ಹೇಳಿಕೆ ಎಂದು, ಬೆನ್ನ ಮೇಲೆ ಹಿಂಪಡೆದಿದ್ದೇನೆ ಎಂದು, ಅದನ್ನು ಹಾಕಿಕೊಂಡ ಹುಡುಗರನ್ನು ಪೊಲೀಸಿನವನು ಹಿಡಿದು ಎದೆ ಓದಿದ, ಬೆನ್ನು ಓದಿದ, ಮತ್ತೆ ಎದೆ ಓದಿದ, ಬಿಟ್ಟು ಕಳಿಸಿದ, ಏನೆಂದು ಬರೆದುಕೊಳ್ಳುತ್ತಾನೆ ಪಾಪ.

ದೇವರ ಮೇಲೆ ಮಾತ್ರ ಬೇಡ ಎಂದಿದ್ದೆ. ಅವಳು ದೇವರನ್ನು ನಂಬುತ್ತಿರಲಿಲ್ಲ, ನಾನು ನಂಬುವುದನ್ನು ಮಾತ್ರ ನಂಬುತ್ತಿದ್ದಳು, ನಾನು ಬೆಳಗ್ಗೆ ಕಣ್ಣು ಮುಚ್ಚಿ ಕುಳಿತಾಗ ರೇಡಿಯೋ ತಾನಾಗಿ ಆರುತ್ತಿತ್ತು, ಚಪ್ಪಲಿ ಸದ್ದಾಗದಂತೆ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು, ಎದ್ದ ಮೇಲೆ ಕೀಟಲೆ, ಏನಕ್ಕಾ, ಅರ್ಜಿ ಹಾಕಿ ಆಯ್ತಾ, ನಿನ್ನ ದೇವರು ಸ್ವೀಕೃತಿ ಚೀಟಿ ಯಾಕೆ ಕೊಡಲ್ಲ, ಕೊಡ್ತಾನೆ, ನಿನ್ನಂಥೋರ ಕಣ್ಣಿಗೆ ಕಾಣಲ್ಲ, ಎನ್ನುತ್ತಿದ್ದೆ, ಹಾಗಾದ್ರೆ ನನ್ನ ಹೆಸರಲ್ಲೂ ಒಂದು ಹಾಕಿಡು, ಯಾವತ್ತಾದ್ರೂ ಬೇಕಾಗತ್ತೆ. ಹಾಕಿದ್ದೆ, ದಿನವೂ ಹಾಕುತ್ತಿದ್ದೆ, ಅವಳಿಗೆ ಹೇಳದೆ. ಆಮೇಲೆ ಆಸ್ಪತ್ರೆ, ಕಿಟಕಿಯ ಪಕ್ಕದ ಮಂಚ, ಹಾಸಿಗೆಗೂ ಗೋಡೆಗೂ ಒಂದೇ ಬಣ್ಣ, ತಲೆಯ ಕೂದಲು ಗಿಡ್ಡವಾಗಿ ಗಂಡುಹುಡುಗನ ಹಾಗೆ ಕಾಣುತ್ತಿದ್ದಳು, ಬೆರಳ ಸಂದಿಯ ಇಂಕು ಮಾತ್ರ ಅಲ್ಲಿಯೂ ಹೋಗಿರಲಿಲ್ಲ, ದಾದಿ ಎಷ್ಟು ಒರೆಸಿದರೂ, ಹಲಗೆ ತಾ ಎಂದು ಅಚ್ಚಿನವನಿಂದ ತರಿಸಿಕೊಂಡು ಮೊಣಕಾಲ ಮೇಲಿಟ್ಟು ಬರೆದಳು, ಬರೆದು ನನ್ನ ಕಡೆ ತಿರುಗಿಸಿದಳು — ಮೋಡಗಳ ನಡುವೆ ಒಂದು ಕೌಂಟರು, ಕಬ್ಬಿಣದ ಜಾಲಿ, ಜಾಲಿಯ ಹಿಂದೆ ಮುಖವಿಲ್ಲದ ಗುಮಾಸ್ತ, ಬರೀ ಕನ್ನಡಕ, ಬರೀ ತೋಳು, ಈಚೆಗೆ ಒಬ್ಬಳು ಪುಟ್ಟ ಹೆಂಗಸು, ಗಿಡ್ಡ ಕೂದಲು, ಹೆಗಲಲ್ಲಿ ಚೀಲ, ಕೈಯಲ್ಲಿ ಟೋಕನ್ನು, ಗುಮಾಸ್ತನ ಬಾಯಿಯಿಂದ ಹೊರಟ ಮಾತಿನ ಗುಳ್ಳೆ ಖಾಲಿ. ದೇವರ ಮೇಲೆ ಮಾಡಿಲ್ಲಕ್ಕಾ, ಅವನ ಕಚೇರಿ ಮೇಲೆ ಅಷ್ಟೇ, ಮಾತು ಕೊಡು. ಕೊಡ್ತೀನಿ ಇರು ಎಂದೆ. ಬರುತ್ತದೆಯೇ ಮಾತು ಅಲ್ಲಿ, ನಿಧಾನ ಬಾ, ನನ್ ಚಿತ್ರ ಮುಂದೆ ಹೋಗ್ಲಿ, ನಿನ್ ಮಾತು ಹಿಂದಿಂದ ಬರ್ಲಿ, ಯಾವಾಗ್ಲೂ ಹಾಗೇ ಅಲ್ವಾ, ಎಂದು ನನ್ನ ಅಂಗೈ ತಟ್ಟಿದಳು, ಚಿತ್ರ ಮುಂದೆ ಹೋಯಿತು, ಅವಳೂ ಹೋದಳು, ಮಾತು ಇನ್ನೂ ಬಂದಿಲ್ಲ.

ಆ ಒಂದು ಫ್ರೇಮು ಮಾತ್ರ ಇನ್ನೂ ತೊಳೆದಿಲ್ಲ, ಬಾಗಿಲ ಹಿಂದೆ ನಿಲ್ಲಿಸಿದ್ದಾನೆ, ಕಾರ್ಖಾನೆಯ ಗಾಡಿ ಬರುವುದರೊಳಗೆ ಹೇಳಿಬಿಡಿ ದೊಡ್ಡಕ್ಕ, ಮಾತು ಕೊಟ್ರೆ ಅಚ್ಚು ಹಾಕಿ ಹೋಗ್ತೀನಿ, ಇಲ್ಲಾಂದ್ರೆ ತೊಳೆಯಲೇಬೇಕು, ಅಲ್ಲಿಯವರು ಎಲ್ಲಾ ಫ್ರೇಮು ಕೇಳ್ತಾರೆ, ಎಂದ, ಚಿಕ್ಕ ಫ್ರೇಮಿಗೆ ಬೆಳಗ್ಗೆಯೇ ಲೇಪ ಬಳಿದು ಕಪಾಟಿನ ಕತ್ತಲಲ್ಲಿ ಇಟ್ಟಿದ್ದಾನೆ, ಅದು ನನ್ನ ಅಕ್ಷರಕ್ಕಾಗಿ ಕಾಯುತ್ತಿದೆ. ಸರದಿಯಲ್ಲಿ ಬನ್ನಿ — ಬೇಡ, ಹಿಂದೆ ಯಾರೂ ಇಲ್ಲ, ಇವಳು ಒಬ್ಬಳೇ. ಎರಡು ಭಾವಚಿತ್ರ ಲಗತ್ತಿಸಿ — ತಂಗಿ ಸುಮ್ಮನೆ ತುಟಿ ಅಗಲಿಸುತ್ತಾಳೆ, ಮರ್ಯಾದೆ. ಊಟದ ವಿರಾಮ — ಹಾಂ, ಇದಕ್ಕೆ ಸ್ವಲ್ಪ ನಗುತ್ತಾಳೆ, ಹೊಟ್ಟೆ ಹಿಡಿಯುವುದಿಲ್ಲ, ಊಟ ಮುಗಿದ ಮೇಲೆ ಮತ್ತೆ ಕರೆಯುತ್ತಾನಲ್ಲ. ಯಾವ ಮಾತು ಇಟ್ಟರೂ ಅವಳು ಆ ಕೌಂಟರಿನ ಮುಂದೆಯೇ ನಿಲ್ಲಬೇಕು, ಅಲ್ಲೇ ಕಾಯಬೇಕು. ಅಚ್ಚಿನವನು ಕೈ ಒರೆಸಿಕೊಂಡು ಫ್ರೇಮನ್ನು ಬೆಳಕಿಗೆ ಹಿಡಿದ, ಚಿಕ್ಕಕ್ಕನ ಕೈ ನಡುಗಿರಬೇಕು, ನೋಡಿ, ಹೆಂಗಸು ಕೌಂಟರ್ ಕಡೆ ನೋಡ್ತಾನೇ ಇಲ್ಲ, ಕತ್ತು ಹಿಂದಕ್ಕಿದೆ, ಒಂದು ಕಾಲು ನೆಲಕ್ಕೆ ತಾಗಿಲ್ಲ, ಲೇಪ ಹಚ್ಚಿ ಸರಿ ಮಾಡ್ಲಾ, ಎಂದ. ಇರಲಿ ಬಿಡಪ್ಪಾ, ಎಂದೆ. ನೋಡಿದೆ. ಹೌದು, ಕತ್ತು ತಿರುಗಿದೆ, ಒಂದು ಕಾಲು ಎತ್ತಿದೆ, ಆಸ್ಪತ್ರೆಯಲ್ಲಿ ನಾನು ಖಾಲಿ ಗುಳ್ಳೆಯನ್ನಷ್ಟೇ ನೋಡಿದ್ದು, ಕಾಲು ನೋಡಿರಲಿಲ್ಲ, ನಡುಗಿದ ಕೈಯೋ, ಬೇಕೆಂದೇ ಎತ್ತಿದ ಕಾಲೋ, ಯಾರನ್ನು ಕೇಳಲಿ.

ದೇವರೇ, ನಿನ್ನಲ್ಲಿ ಲೆಕ್ಕ ತಪ್ಪುವುದಿಲ್ಲ ಎಂದು ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ, ಗಂಡ ಹೋದವರಿಗೆ, ಮಕ್ಕಳು ಹೋದವರಿಗೆ, ತಲೆ ಸವರಿ ಹೇಳಿದ್ದೇನೆ, ಅವನ ಬಳಿ ಎಲ್ಲಕ್ಕೂ ಲೆಕ್ಕವಿದೆ ತಾಯಿ, ಒಂದು ಉಸಿರೂ ಹೆಚ್ಚುಕಡಿಮೆ ಆಗುವುದಿಲ್ಲ, ಆಗ ಅದು ಸಮಾಧಾನವಾಗಿತ್ತು, ಈಗ ಅದೇ ಮಾತು ಮುಳ್ಳಾಗಿ ಒಳಗೆ ಮುರಿದುಕೊಂಡಿದೆ. ನಮ್ಮ ಕಚೇರಿಯಲ್ಲಿ ಏನು ತಾನೇ ಕಳೆಯುತ್ತಿರಲಿಲ್ಲ, ಕಪಾಟಿನ ಹಿಂದೆ ಬಿದ್ದ ಕಡತ, ಚಹಾದ ಲೋಟದ ಅಡಿಯಲ್ಲಿ ನೆನೆದ ಕಡತ, ಇಲಿ ತಿಂದ ಕಡತ, ಜನ ಶಾಪ ಹಾಕುತ್ತಿದ್ದರು, ಆದರೆ ರಸ್ತೆ ಅಗಲಿಸುವುದಕ್ಕೆ ಮನೆ ಬಿಡಬೇಕಾಗಿದ್ದ ಆ ಇಸ್ತ್ರಿ ಅಂಗಡಿಯ ಮುದುಕಿ, ಅವಳ ಕಡತ ಕಳೆಯಿತು, ಎಲ್ಲರೂ ಹುಡುಕಿದರು, ಸಿಗಲಿಲ್ಲ, ಸಿಗದ ಕಡತದ ಪುಣ್ಯದಿಂದ ಅವಳು ಅದೇ ಬಾಗಿಲಲ್ಲಿ ಇಸ್ತ್ರಿ ಹಾಕುತ್ತ ಸುಖವಾಗಿ ಮುದುಕಿಯಾದಳು, ಇನ್ನೂ ಮುದುಕಿಯಾದಳು, ಅಂದು ಕೌಂಟರಿನಲ್ಲಿ ಕೂತು ಅವಳಿಗೆ ಅದನ್ನು ಹೇಳಿದವಳು ನಾನೇ, ಆ ಮಾತು ನನ್ನ ಬಾಯಿಯಿಂದಲೇ ಬಂದದ್ದು, ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಕೌಂಟರಿಗೆ ಬೆನ್ನು ಮಾಡಿ, ಓಡಿದ ಹಾಗೆ ನಡೆದಿದ್ದಳು. ನಿನ್ನ ಕಚೇರಿಯಲ್ಲಿ ಒಂದೂ ಕಳೆಯುವುದಿಲ್ಲವೇ ಸ್ವಾಮಿ, ಒಂದು ಕಪಾಟಾದರೂ ಇಲ್ಲವೇ ಹಿಂದೆ ಬೀಳುವುದಕ್ಕೆ, ಒಂದು ಇಲಿ — ತಪ್ಪು, ತಪ್ಪು, ಏನು ಕೇಳುತ್ತಿದ್ದೇನೆ, ಆದರೂ ಕೇಳುತ್ತಿದ್ದೇನೆ, ಬೆಳಗ್ಗೆ ಕಣ್ಣು ಮುಚ್ಚಿ ಕೇಳುವುದಕ್ಕಿಂತ ನಿಜವಾಗಿ ಕೇಳುತ್ತಿದ್ದೇನೆ. ಹಾಳೆ ಕೊಡಪ್ಪಾ, ಎಂದೆ. ಅಚ್ಚಿನವನು ನೀರು ನಿಲ್ಲಿಸಿದ. ಪಾರದರ್ಶಕ ಹಾಳೆ, ಕಪ್ಪು ಪೆನ್ನು, ಮೇಜಿನ ಅಂಚಿಗೆ ಮೊಣಕೈ ಊರಿ ಕಚೇರಿಯ ಗುಂಡು ಅಕ್ಷರದಲ್ಲಿ ಬರೆದೆ, ನಿಮ್ಮ ಕಡತ ಸಿಗುತ್ತಿಲ್ಲ, ಮನೆಗೆ ಹೋಗಿ.

ಓದಿದ, ನಕ್ಕ, ಎಂಥ ನಗು, ಹೊಟ್ಟೆ ಹಿಡಿದುಕೊಂಡು, ಬಚ್ಚಲ ಗೋಡೆ ಮೊಳಗುವ ಹಾಗೆ, ಚಿಕ್ಕಕ್ಕ ಇದ್ದಿದ್ರೆ ಬಿದ್ದು ಉರುಳ್ತಿದ್ರು ದೊಡ್ಡಕ್ಕ, ಎಂದ, ಎನ್ನುತ್ತಲೇ ಒದ್ದೆ ತೋಳಿನಿಂದ ಮುಖ ಒರೆಸಿಕೊಂಡ, ಕಪಾಟಿನಿಂದ ಚಿಕ್ಕ ಫ್ರೇಮು ತೆಗೆದು ನನ್ನ ಹಾಳೆಯ ಸಮೇತ ದೀಪದ ಪೆಟ್ಟಿಗೆಯ ಮೇಲೆ ಇಟ್ಟ. ಬೆಳಕು ತಾಗಿದ ಕಡೆ ಲೇಪ ಗಟ್ಟಿಯಾಗುತ್ತದೆ, ಅಕ್ಷರದ ನೆರಳು ಬಿದ್ದ ಕಡೆ ಮೆತ್ತಗೇ ಉಳಿದು ನೀರಿಗೆ ಬಿಟ್ಟುಕೊಳ್ಳುತ್ತದೆ, ನೋಡುತ್ತ ಕುಳಿತೆ, ಒಂದೊಂದೇ ಅಕ್ಷರ ಜಾಲರಿಯಲ್ಲಿ ತೆರೆದುಕೊಂಡಿತು, ಕಾರ್ಖಾನೆಯ ಗಾಡಿಯವನು ಹೊರಗೆ ಹಾರ್ನ್ ಹೊಡೆದ, ಇರಯ್ಯಾ, ಹೆಡ್ಡಾಫೀಸಿನ ಕೆಲಸ ನಡೀತಿದೆ, ಎಂದು ಇವನು ಕೂಗಿದ. ಮೊದಲು ಚಿತ್ರ, ಅವಳ ಫ್ರೇಮು ಇಳಿಯಿತು, ರಬ್ಬರು ಪಟ್ಟಿ ಇಂಕನ್ನು ಎಳೆದುಕೊಂಡು ಬಂತು, ಫ್ರೇಮು ಎದ್ದಿತು, ಮೋಡ, ಜಾಲಿ, ಗುಮಾಸ್ತ, ಅವಳು, ಆಮೇಲೆ ನನ್ನದು, ಗುಳ್ಳೆಯ ಅಂಚಿಗೆ ಸರಿಯಾಗಿ ಕೂಡಿಸಿ ಇಳಿಸಿದ, ಎಳೆದ, ಎತ್ತಿದ. ಸಿಗುತ್ತಿಲ್ಲ, ಮನೆಗೆ ಹೋಗಿ. ಅಷ್ಟೇ, ಅಷ್ಟರಲ್ಲಿ — ಏನೂ ಬದಲಾಯಿಸಿಲ್ಲ, ಒಂದು ಗೆರೆಯನ್ನೂ ಮುಟ್ಟಿಲ್ಲ, ಆದರೂ ಹೆಂಗಸು ಹೊರಟಿದ್ದಾಳೆ, ಕತ್ತು ಮನೆಯ ಕಡೆಗೆ ತಿರುಗಿದೆ, ಚೀಲ ಹೆಗಲಲ್ಲೇ ಇದೆ, ಕಾಲು ಎತ್ತಿದ್ದಾಳೆ. ಇನ್ನೊಂದು ಹಾಕ್ಲಾ, ಹಾಕು, ಇನ್ನೊಂದು, ಹಾಕು, ಎಷ್ಟು ಅಂಗಿ ಉಳಿದಿವೆಯೋ ಅಷ್ಟಕ್ಕೂ ಹಾಕಪ್ಪಾ, ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನೇತುಹಾಕುತ್ತಿದ್ದಾನೆ, ಬಾಗಿಲಿಂದ ಗಾಳಿ ಬರುತ್ತಿದೆ, ಒದ್ದೆ ಇಂಕು ಹೊಳೆಯುತ್ತಿದೆ, ಅಂಗಿಗಳು ಅಲುಗುತ್ತಿವೆ, ಮೊದಲನೆಯದರಲ್ಲಿ ಕತ್ತು ತಿರುಗಿದೆ, ಕಾಲು ಎತ್ತಿದೆ, ಪಕ್ಕದ್ದರಲ್ಲಿ ಕತ್ತು ತಿರುಗಿದೆ, ಕಾಲು ಎತ್ತಿದೆ, ಅದರ ಪಕ್ಕದ್ದರಲ್ಲಿ ಕಾಲು ಎತ್ತಿದೆ, ಕೆಳಗಿಡು, ಪುಟ್ಟೀ, ಒಂದು ಹೆಜ್ಜೆ ಕೆಳಗಿಡು, ಎತ್ತಿದ ಕಾಲು, ಮೋಡದ ಮೇಲೆ, ಎತ್ತಿದ ಕಾಲು