ಒಂಬತ್ತು ಎಂದು ಹೇಳಿಕೊಂಡ ಹತ್ತು

ಟೋರ್‌ಗ್ರಿಮ್‌ನ ಬಾಯಿ ಒಂದಿಷ್ಟು ದೊಡ್ಡದು. ಇದನ್ನು ಅವನೇ ಒಪ್ಪಿಕೊಳ್ಳುತ್ತಾನೆ, ಆದರೆ ಮುಚ್ಚುವುದು ಮಾತ್ರ ತಡವಾಗುತ್ತದೆ. ಓಸ್ಲೋದಲ್ಲಿ ಅವನು ಕೆಲಸ ಮಾಡುವ ಪುಟ್ಟ ಕಂಪನಿ ‘ಸ್ಕಾರ್ವ್’ ಎಂಬ ಬ್ರೌಸರ್ ತಯಾರಿಸುತ್ತಿತ್ತು. ನಾರ್ವೆಯ ಮಾತಿನಲ್ಲಿ ಅದು ನೀರುಕಾಗೆಯ ಹೆಸರು. ಯಾವ ಬ್ರೌಸರ್ ಆದರೂ ಸರ್ವರಿನ ಬಾಗಿಲು ತಟ್ಟುವಾಗ ‘ನಾನು ಇಂಥವನು, ನನ್ನ ಆವೃತ್ತಿ ಇಷ್ಟನೆಯದು’ ಎಂದು ಒಂದು ಸಾಲು ಒಪ್ಪಿಸಬೇಕು. ಸಣ್ಣವರ ಹೆಸರು ಕೇಳಿದರೆ ಎಷ್ಟೋ ಸರ್ವರುಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ಆದ್ದರಿಂದ ಸ್ಕಾರ್ವ್ ವರ್ಷಗಟ್ಟಲೆ ದೊಡ್ಡ ಬ್ರೌಸರಿನ ಹೆಸರು ಹೇಳಿಕೊಂಡೇ ಒಳಗೆ ನುಸುಳುತ್ತಿತ್ತು. ಆ ದೊಡ್ಡದೂ ಒಂದು ಕಾಲಕ್ಕೆ ಮತ್ತೊಂದರ ಹೆಸರು ಹೇಳಿ ಒಳಗೆ ಹೋದದ್ದೇ. ಈ ಬೀದಿಯಲ್ಲಿ ಸಾಚಾ ಎನ್ನುವವರು ಯಾರೂ ಇರಲಿಲ್ಲ.

ಆ ಸಾಲನ್ನು ಬರೆಯುವ ಕೆಲಸ ಟೋರ್‌ಗ್ರಿಮ್‌ನದು. ಅವನಿಗೆ ಅದು ಸಾಕಾಗಿತ್ತು. “ಹತ್ತನೇ ಆವೃತ್ತಿಯಿಂದ ನಮ್ಮ ಹಕ್ಕಿ ತನ್ನ ಹೆಸರು, ತನ್ನ ಸಂಖ್ಯೆ ನಿಜ ಹೇಳುತ್ತೆ. ಸುಳ್ಳು ಹೇಳೋ ಆವೃತ್ತಿ ಇನ್ನು ನನ್ನ ಕೈಯಿಂದ ಆಚೆ ಹೋಗಲ್ಲ!” ಎಂದು ಊಟದ ಹೊತ್ತಿನಲ್ಲಿ, ಕಂದು ಚೀಸಿನ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ಘೋಷಿಸಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಮಾತಿಗೆ ತನ್ನದೇ ಕಣ್ಣು ಒದ್ದೆಯಾದದ್ದನ್ನು ಅವನು ಬ್ರೆಡ್ಡಿಗೆ ಸವರಿದ ಸಾಸಿವೆಯ ಘಾಟಿನ ಮೇಲೆ ಹಾಕಿದ.

ಹತ್ತನೇ ಆವೃತ್ತಿ ಹೊರಬರುವ ಹಿಂದಿನ ದಿನ ತನ್ನೂರು ಲೋಫೋಟೆನ್‌ನಿಂದ ಅಮ್ಮ ಗುದ್ರುನ್ ಫೋನ್ ಮಾಡಿದಳು. ಈಸ್ಟರ್‌ಗೆ ಹೋದಾಗ ಅವಳ ಕಂಪ್ಯೂಟರಿಗೆ ಇನ್ನೂ ಬಿಡುಗಡೆಯಾಗದ ಹೊಸ ಸ್ಕಾರ್ವ್ ಹಾಕಿ ಬಂದಿದ್ದವನು ಇವನೇ.

“ಮಗಾ, ಬ್ಯಾಂಕು ನನ್ನ ಒಳಗೆ ಬಿಡ್ತಿಲ್ಲ ಕಣೋ. ನಿಮ್ಮ ಬ್ರೌಸರ್ ತೀರಾ ಹಳೇದು, ಒಂದನೇ ಆವೃತ್ತಿ ಅಂತಿದೆ.”

“ಹಳೇದಾ? ಅಮ್ಮ, ಅದು ಇನ್ನೂ ಹುಟ್ಟೇ ಇಲ್ಲ!”

“ಹುಟ್ಟದೇ ಇರೋದನ್ನ ನನಗ್ಯಾಕೆ ಕೊಟ್ಟೆ?”

ಪಕ್ಕದ ಮೇಜಿನ ಇಂಗ್‌ವಿಲ್ ಬ್ರೌಸರನ್ನು ಪರೀಕ್ಷಿಸುವ ಕೆಲಸದವಳು. ಅವಳು ಹುಡುಕಿದಳು, ಹುಡುಕಿ ನಗತೊಡಗಿದಳು. “ಆ ಸರ್ವರ್ ಬರೀ ಮೊದಲನೇ ಅಂಕಿ ಓದುತ್ತೆ ಮಾರಾಯ. ಹತ್ತರ ಮೊದಲನೇ ಅಂಕಿ ಒಂದು. ಒಂದು ಅಂದ್ರೆ ಓಬೀರಾಯನ ಕಾಲದ್ದು. ಬ್ಯಾಂಕು ಮಾತ್ರ ಅಲ್ಲ, ರೈಲು ಟಿಕೆಟ್ಟು, ಪೇಪರು, ಎಲ್ಲಾ ಕಡೆ ಇದೇ ಕಥೆ.”

ಟೋರ್‌ಗ್ರಿಮ್ ಬ್ಯಾಂಕಿನ ವೆಬ್ ಪುಟ ನೋಡಿಕೊಳ್ಳುವ ಓಡ್ವಾರ್‌ಗೆ ಫೋನ್ ಹಚ್ಚಿದ.

“ಜಗತ್ತಲ್ಲಿ ಯಾವ ಬ್ರೌಸರ್‌ಗೂ ಇನ್ನೂ ಹತ್ತು ಆಗಿಲ್ಲವಲ್ಲ,” ಎಂದ ಓಡ್ವಾರ್.

“ನಮ್ಮದಕ್ಕೆ ನಾಳೆ ಆಗುತ್ತೆ.”

“ದೊಡ್ಡದಕ್ಕೆ ಹತ್ತಾಗೋ ಹೊತ್ತಿಗೆ ನಿದ್ದೆಗೆಟ್ಟಾದ್ರೂ ಸರಿ ಮಾಡಿರ್ತೀನಿ, ಬಿಡು.”

“ನಮ್ಮದಕ್ಕೆ ಮಾಡಲ್ವಾ?”

“ನಿಮ್ಮದನ್ನ ಬಳಸೋರು ಯಾರಪ್ಪಾ? ಇಷ್ಟು ವರ್ಷದಲ್ಲಿ ಆ ಹೆಸರು ಹೇಳ್ಕೊಂಡು ನಮ್ಮ ಬಾಗಿಲಿಗೆ ಒಬ್ಬರೂ ಬಂದಿಲ್ಲ.”

ಬಂದಿದ್ದರು, ಸಾವಿರಾರು ಜನ ಬಂದಿದ್ದರು. ಎಲ್ಲರಿಗೂ ಬೇರೆಯವರ ಹೆಸರು ಹೇಳಿಕೊಟ್ಟು ಕಳಿಸಿದವನು ಟೋರ್‌ಗ್ರಿಮ್. ಅದನ್ನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಅವನಿಗೆ ಒಂದು ವರ್ಷ ಬೋನಸ್ಸೂ ಬಂದಿತ್ತು. ಅವನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ.

ಆನೆ ನಡೆದದ್ದೇ ದಾರಿ. ನೀರುಕಾಗೆ ನಡೆದರೆ ಯಾರೂ ರಸ್ತೆ ಮಾಡಿಕೊಡುವುದಿಲ್ಲ. ಹತ್ತು ಎಂದೇ ಕಳಿಸಿದರೆ ನಾಳೆ ಬೆಳಿಗ್ಗೆ ಅಮ್ಮನಂಥವರೆಲ್ಲ ಬಾಗಿಲಲ್ಲಿ ನಿಲ್ಲುತ್ತಾರೆ, ಸಂಜೆಗೆ ಸ್ಕಾರ್ವ್ ಕಿತ್ತುಹಾಕಿ ದೊಡ್ಡದನ್ನು ಹಾಕಿಕೊಳ್ಳುತ್ತಾರೆ. ಆಮೇಲೆ ಅವನ ಸತ್ಯವನ್ನು ಕೇಳಲು ಅವನೊಬ್ಬನೇ ಉಳಿಯುತ್ತಾನೆ.

“ನಾಳೆಯ ಕೇಕ್ ಮೇಲೆ ಹತ್ತು ಅಂತ ಬರೆಸಿ ಆಗಿದೆ,” ಎಂದಳು ಇಂಗ್‌ವಿಲ್. “ಅದನ್ನೂ ತಿದ್ದಿಸ್ಲಾ?”

“ತಿಂದ್ಬಿಡೋಣ.”

ಅವನು ಸಾಲಿನ ಮೊದಲಿಗೆ ಒಂಬತ್ತು ಪಾಯಿಂಟ್ ಎಂಟು ಸೊನ್ನೆ ಎಂದು ಬರೆದ. ನಿಜವಾದ ಹತ್ತನ್ನು ಸಾಲಿನ ತೀರಾ ಕೊನೆಗೆ, ಯಾವ ಸರ್ವರೂ ಕಣ್ಣು ಹಾಯಿಸದ ಕಡೆ ಕೂರಿಸಿದ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ನಾಚಿಕೆಯಾಯಿತು, ಕೈ ಮಾತ್ರ ಎಲ್ಲೂ ತಡವರಿಸಲಿಲ್ಲ. ಅಭ್ಯಾಸವಿದ್ದ ಕೈ.

ಮರುದಿನ ತಿದ್ದಿದ ಹತ್ತು ಅಮ್ಮನ ಕಂಪ್ಯೂಟರಿಗೂ ತಾನಾಗಿಯೇ ಇಳಿಯಿತು, ಹಿಂದೆಯೇ ಅವಳ ಫೋನ್ ಬಂತು. “ಬ್ಯಾಂಕು ತೆರೀತು ಕಣೋ! ಏನು ಮಾಡಿದೆ?”

“ಅದಕ್ಕೆ ಹತ್ತಾಗಿದ್ರೂ ಒಂಬತ್ತು ಅಂತ ಹೇಳ್ಸಿದೆ.”



“ನಿನಗೆ ಹತ್ತು ತುಂಬಿದ ವರ್ಷ ಬೋಡೊಗೆ ಹೋಗೋ ದೋಣಿಯಲ್ಲಿ ನಾನೂ ಒಂಬತ್ತು ಅಂದಿದ್ದೆ, ಅರ್ಧ ಟಿಕೆಟ್ಟಿಗೆ. ನೀನು ಇಡೀ ದೋಣಿಗೆ ಕೇಳೋ ಹಾಗೆ ‘ನನಗೆ ಹತ್ತು!’ ಅಂತ ಕಿರುಚಿದೆ. ನಿನ್ನ ಎತ್ತಿ ಸಮುದ್ರಕ್ಕೆ ಎಸೀಬೇಕು ಅನ್ನಿಸ್ತು.”

“ನನಗೆ ನೆನಪಿಲ್ಲಮ್ಮ.”

“ನನಗಿದೆ. ಅವತ್ತಿಂದ ಊರಲ್ಲಿ ಯಾರು ಸಿಕ್ಕಿದ್ರೂ ಅದನ್ನ ಹೇಳ್ತಾನೇ ಇದ್ದೀನಿ, ನನ್ನ ಮಗ ಇಂಥವನು ಅಂತ. ಇರ್ಲಿ ಬಿಡು. ಕರೆಂಟ್ ಬಿಲ್ ಕಟ್ಟಾಯ್ತು.”